ತುಂಬಿದ ಹತ್ತು ವ್ಯಾಗನ್

ಶಿಷ್ಯ ಚನ್ನಮಲ್ಲ ಕೇಳಿದ: “ಗುರುಗಳೇ, ಒಂದನ್ನು ಉಳಿಸಿಕೊಳ್ಳಬೇಕು ಅಂತ ಮನಸ್ಸಿಟ್ಟು ದುಡಿದರೆ ಅದು ಉಳಿಯುತ್ತದಲ್ಲವೇ?”

ಗುರುಗಳು ಹೇಳಿದರು: “ಒಂದು ಊರಿಗೆ ವಾರಕ್ಕೊಮ್ಮೆ ಗೂಡ್ಸ್ ರೈಲು ಬರುತ್ತಿತ್ತು. ಹತ್ತೇ ವ್ಯಾಗನ್. ಅದನ್ನು ಉಳಿಸಲು ಊರಿಗೆ ಊರೇ ಎದ್ದು ನಿಂತಿತು. ಉಳಿಯಿತೋ ಹೋಯಿತೋ? ಊಹಿಸು ನೋಡೋಣ.”

“ಊರೇ ನಿಂತ ಮೇಲೆ ಉಳಿದಿರಲೇಬೇಕು.”

“ಬಲು ಅವಸರದವನಪ್ಪ ನೀನು. ಕೇಳು.”

ರೈಲು ಬರುತ್ತಿತ್ತು, ನಿಜ. ಬಂದಷ್ಟೇ ಹಗುರವಾಗಿ ಹೋಗುತ್ತಿತ್ತು. ಸರಕೆಲ್ಲ ಲಾರಿಯ ಪಾಲಾಗಿತ್ತು. ಹಳಿ ಕಿತ್ತು ರಸ್ತೆ ಮಾಡುತ್ತೇವೆ ಎಂದಿತು ಸರ್ಕಾರ. ಊರಿನವರ ಮಾತು ಕೇಳಲು ಒಬ್ಬ ಅಧಿಕಾರಿ ಬಂದ. ಗೂಡ್ಸ್ ಶೆಡ್ಡಿನಲ್ಲೇ ಸಭೆ ಸೇರಿತು.

ರೈಲು ಉಳಿಸುವ ಸಮಿತಿಗೆ ಒಬ್ಬ ಎಣ್ಣೆ ವ್ಯಾಪಾರಿ ಅಧ್ಯಕ್ಷ. ಅವನ ಪ್ರೀತಿ ಸುಳ್ಳಲ್ಲ. ಅವನ ಶೇಂಗಾ ಗಿರಣಿ ಇದ್ದದ್ದೇ ಹಳಿಯ ಮಗ್ಗುಲಲ್ಲಿ. ಹಳಿ ಹೋದರೆ ನಲವತ್ತು ಹಮಾಲರ ಒಲೆ ಆರುತ್ತದೆ, ಹಿಂದೆಯೇ ಊರೂ ಸೊರಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಇಪ್ಪತ್ತು ದಿನದಿಂದ ಅವನಿಗೆ ಸರಿಯಾದ ಊಟವಿಲ್ಲ.

ಸಭೆಯಲ್ಲಿ ಒಬ್ಬ ಲಾರಿ ಮಾಲೀಕ ಎದ್ದು, “ಸ್ವಾಮಿ, ಈ ರೈಲನ್ನೂ ನಮ್ಮ ಎಮ್ಮೆಯನ್ನೂ ಒಟ್ಟಿಗೆ ಬಿಡಿ. ಎಮ್ಮೆ ಊರು ಮುಟ್ಟಿ, ಹಾಲು ಕೊಟ್ಟು, ಮೆಲುಕು ಹಾಕುತ್ತಾ ಕೂತಿರುತ್ತದೆ” ಎಂದ.

ಸಭೆ ಗೊಳ್ಳೆಂದಿತು. ವ್ಯಾಪಾರಿ ಬಿಡುತ್ತಾನೆಯೇ? “ಮಳೆಗಾಲದಲ್ಲಿ ನಿನ್ನ ಲಾರಿ ಹಳ್ಳದಲ್ಲಿ ಈಜು ಕಲಿಯೋದನ್ನ ನಾವೂ ನೋಡಿದ್ದೀವಿ, ಕೂತ್ಕೊಳಯ್ಯ!”

ಅಧಿಕಾರಿ ಕೈಯೆತ್ತಿದ. “ಮಾತು ಸಾಕು. ಮಂಗಳವಾರ ಹತ್ತು ಗಂಟೆಗೆ ಮತ್ತೆ ಬರುತ್ತೇನೆ. ಈ ರೈಲೇ ಬೇಕು, ಇಲ್ಲದಿದ್ದರೆ ಆಗುವುದಿಲ್ಲ ಅನ್ನುವ ಸರಕು ಒಂದನ್ನು ತೋರಿಸಿ. ಉಳಿಸಲು ನಾನೇ ಬರೆಯುತ್ತೇನೆ.”

ಒಂದು ಎಂದನಲ್ಲ, ಅದು ವ್ಯಾಪಾರಿಯ ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯಲಿಲ್ಲ. ಹತ್ತಕ್ಕೆ ಹತ್ತೂ ತುಂಬಿಸಿ ತೋರಿಸುತ್ತೇನೆ ಎಂದುಕೊಂಡ. ಶೇಂಗಾ ಸುಗ್ಗಿ ಮುಗಿದಿತ್ತು, ತುಂಬಲು ಸರಕಿಲ್ಲ. ಗಿರಣಿಯ ಹಿಂದೆ ಶೇಂಗಾ ಸಿಪ್ಪೆಯ ಗುಡ್ಡವಿತ್ತು. ಅದನ್ನೇ ಚೀಲಕ್ಕೆ ತುಂಬಿಸಿದ. ಹಮಾಲರು ಒಂದೊಂದು ಹೆಗಲಿಗೆ ಎರಡೆರಡು ಚೀಲ ಹೊತ್ತರು. “ಸಾಹುಕಾರರೇ, ಇವತ್ತು ಹೆಗಲಿಗೆ ಹಬ್ಬ!” ಎಂದು ನಕ್ಕರು. ಬಾಗಿಲು ಮುಚ್ಚಿ ಸೀಲು ಹಾಕಿದ್ದಾಯಿತು.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ನಾಲ್ಕು ಎತ್ತಿನ ಗಾಡಿಗಳು ಬಂದು ನಿಂತವು. ಗಾಡಿಯ ತುಂಬ ಹುಲ್ಲಿನಲ್ಲಿ ಸುತ್ತಿದ ಮನೆಹೆಂಚು. ಒಬ್ಬ ಹೆಂಚಿನವನು ಇಳಿದು ಕೈಮುಗಿದ.

“ಯಜಮಾನರೇ, ದೂರದೂರಿನಿಂದ ಮೊದಲ ಸಲ ಬೇಡಿಕೆ ಬಂದಿದೆ. ಲಾರಿಗೆ ಹಾಕಿದರೆ ಈ ರಸ್ತೆಗೆ ಅರ್ಧ ಚೂರು. ರೈಲೇ ಆಗಬೇಕು. ಒಂದು ವ್ಯಾಗನ್ ಸಾಕು.”

ವ್ಯಾಪಾರಿ ಸೀಲು ಹಾಕಿದ ಬಾಗಿಲುಗಳ ಕಡೆ ನೋಡಿದ. ಒಂದು ವ್ಯಾಗನ್ ಖಾಲಿ ಮಾಡಿಸಿದರೆ ಹೆಂಚು ಹಿಡಿಯುತ್ತಿತ್ತು. ಆದರೆ ಲಾರಿ ಮಾಲೀಕ ಎದುರಿಗೇ ಬೀಡಿ ಸೇದುತ್ತಾ ನಿಂತಿದ್ದ. ಸೀಲು ಒಡೆದರೆ ಸಿಪ್ಪೆ ಬಯಲಾಗುತ್ತದೆ.

“ಜಾಗ ಇಲ್ಲಪ್ಪ. ಮುಂದಿನ ವಾರ ಬಾ.”

“ಮುಂದಿನ ವಾರ ರೈಲು ಇರುತ್ತೋ ಇಲ್ಲವೋ ಅಂತಾರಲ್ಲ?”

“ಅದನ್ನೇ ಉಳಿಸ್ತಾ ಇದ್ದೀವಿ ಮಾರಾಯ, ದಾರಿ ಬಿಡು!”

ಗಾಡಿಗಳು ತಿರುಗಿದವು. ಲಾರಿ ಮಾಲೀಕ ಬೀಡಿ ಎಸೆದು ಅವುಗಳ ಹಿಂದೆ ಹೋದ.

ಹತ್ತಕ್ಕೆ ಅಧಿಕಾರಿಯ ಜೀಪು ಬಂತು. ಅವನ ಮುಖ ಅರಳಿತ್ತು. “ದಾರಿಯಲ್ಲಿ ಒಬ್ಬ ಹೆಂಚಿನವನು ಸಿಕ್ಕಿದ್ದ. ರೈಲಿನಲ್ಲಿ ಜಾಗವೇ ಇಲ್ಲವಂತೆ! ಅವನನ್ನೂ ಹಿಂದಕ್ಕೆ ಕಳಿಸುವಂಥ ಸರಕು ಯಾವುದು, ತೋರಿಸಿ” ಎಂದ. ವ್ಯಾಪಾರಿ ಅದು ಇದು ಎಂದು ಮಾತು ತೇಲಿಸಿ ನೋಡಿದ. ಆಗಲಿಲ್ಲ. ಸೀಲು ಒಡೆಯಿತು. ಅಧಿಕಾರಿ ಒಂದು ಚೀಲವನ್ನು ಒಂದೇ ಕೈಯಲ್ಲಿ ಎತ್ತಿದ. ಎತ್ತಿದ್ದನ್ನು ಮೆಲ್ಲಗೆ ಕೆಳಗಿಟ್ಟ.

ಹಮಾಲರಲ್ಲಿ ಯಾರೂ ನಗಲಿಲ್ಲ.

“ಅರ್ಧ ಗಂಟೆ ಕಾಯುತ್ತೇನೆ. ಅವನನ್ನು ಕರೆದುಕೊಂಡು ಬನ್ನಿ” ಎಂದಷ್ಟೇ ಅಧಿಕಾರಿ ಹೇಳಿದ.

ವ್ಯಾಪಾರಿ ಓಡಿದ. ಐವತ್ತೈದರ ದೇಹ, ಕಾಲಿಗೆ ಸಿಕ್ಕುವ ಧೋತರ. ಲಾರಿ ನಿಲ್ಲುವ ಜಾಗ ಮುಟ್ಟುವಾಗ ಹೆಂಚು ಏರಿಸಿ ಆಗಿತ್ತು. ಲಾರಿ ಹೊರಟಿತ್ತು. ಅವನು ಮುಂದೆ ಹೋಗಿ ಎರಡೂ ಕೈ ಚಾಚಿ ಅಡ್ಡ ನಿಂತ. “ಇಳಿಸಪ್ಪಾ, ಹತ್ತೂ ವ್ಯಾಗನ್ ನಿನಗೇ ಕೊಡ್ತೀನಿ!”

ಹೆಂಚಿನವನು ಮೇಲಿನಿಂದಲೇ ಬಗ್ಗಿ ಹೇಳಿದ. “ಬೇಡ ಯಜಮಾನರೇ. ಇಳಿಸಿ ಏರಿಸಿದರೆ ಹೆಂಚು ಉಳಿಯಲ್ಲ. ನಿಮ್ಮ ರೈಲೇನೋ ತುಂಬಿದೆಯಲ್ಲ, ನಮ್ಮ ಚಿಂತೆ ಯಾಕೆ?”

ಗುರುಗಳು ನಿಲ್ಲಿಸಿದರು.

ಚನ್ನಮಲ್ಲ ಕೇಳಿದ: “ಹಾಗಾದರೆ ಆ ಊರು ರೈಲನ್ನು ಕಳೆದುಕೊಂಡದ್ದು ಯಾವಾಗ? ಹಳಿ ಕಿತ್ತಾಗಲೋ, ಸೀಲು ಒಡೆದಾಗಲೋ?”

“ಎರಡೂ ಅಲ್ಲ, ‘ಜಾಗ ಇಲ್ಲಪ್ಪ’ ಅಂದಾಗ: ಸಾವಿರದ ಒಂಬೈನೂರ ಅರವತ್ತೆಂಟನೇ ಇಸವಿ, ಮಾರ್ಚ್ ಹನ್ನೆರಡು, ಮಂಗಳವಾರ.”