ಬೂದಿ ಬೆರಳಿನ ಹುಡುಗಿ

“ಅಜ್ಜಾರ, ಸೋಮವಾರ ಆ ಹುಡುಗಿ ಸಾಲಿಗೆ ಬರತಾಳ್ರಿ. ಬಂದ ಮ್ಯಾಲೆ ನಾ ಆಕಿಗೆ ಏನು ಹೇಳಬೇಕು?”

ಕೇಳಿದವನು ಸಂಗಯ್ಯ, ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ಮಾಸ್ತರ. ಕೇಳಿಸಿಕೊಂಡವರು ಅವನ ಗುರುಗಳು, ಊರವರ ಬಾಯಲ್ಲಿ ಅಜ್ಜಾರು. ಹುಡುಗಿಯ ಹೆಸರು ದಾನೇಶ್ವರಿ, ಒಂಬತ್ತನೆಯ ತರಗತಿ. ಮೂರು ವಾರದ ಹಿಂದೆ ಅವಳು ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ, ತನಗೆ ಬದುಕುವುದು ಬೇಡವಾಗಿದೆ ಎಂದು ಬರೆದಿದ್ದಳು. ಪಕ್ಕದಲ್ಲಿ ಕೂರುವ ಗೆಳತಿ ಅದನ್ನು ನೋಡಿ, ಓಡಿ ಬಂದು ನೋಟ್‌ಬುಕ್ಕನ್ನು ಸಂಗಯ್ಯನ ಕೈಗೆ ಕೊಟ್ಟಿದ್ದಳು. ಅವನು ತಡಮಾಡಲಿಲ್ಲ. ಹುಡುಗಿಯನ್ನು ಒಬ್ಬಳೇ ಬಿಡಲಿಲ್ಲ. ತಂದೆ ತಾಯಿಯನ್ನು ಕರೆಸಿ, ಅಂದೇ ಅವರೊಡನೆ ಡಾಕ್ಟರ ಬಳಿಗೆ ಹೋದ. ಈಗ ಅವಳು ಹೊಟ್ಟೆತುಂಬ ಊಟ ಮಾಡುತ್ತಾಳೆ, ನಿದ್ದೆ ಮಾಡುತ್ತಾಳೆ, ನಿನ್ನೆ ತಮ್ಮನ ಜೊತೆ ಜಗಳವನ್ನೂ ಆಡಿದ್ದಾಳೆ. ಶಾಲೆಗೆ ಕಳಿಸಬಹುದು ಎಂದು ಡಾಕ್ಟರು ಹೇಳಿದ್ದಾರೆ. ಸಂಗಯ್ಯನಿಗೆ ಹೋದ ಜೀವ ಬಂದಂತಾಗಿತ್ತು. ಆದರೂ ಹೆದರಿಕೆ ಪೂರ್ತಿ ಬಿಟ್ಟಿರಲಿಲ್ಲ.

ಅವನು ಕಿಸೆಯಿಂದ ಒಂದು ಹಾಳೆ ತೆಗೆದ.

“ಇಂಥದು ಇನ್ನೊಮ್ಮೆ ಆಗಬಾರದಂತ ಸಾಲ್ಯಾಗ ಒಂದು ಕಾರ್ಯಕ್ರಮ ಹಾಕ್ಕೊಂಡೀವ್ರಿ. ಒಬ್ಬೊಬ್ಬ ಹುಡುಗರಿಗೆ ಒಂದೊಂದು ಹಾಳಿ. ಯಾರಿಗೆ ಏನು ಕೊರತಿ ಐತಿ ಅನ್ನೂದನ್ನ ಬರದ ಇಟ್ಟರ, ಮೊದಲ ಗೊತ್ತಾಗತೈತಿ.”

ದಾನೇಶ್ವರಿಯ ಹಾಳೆಯನ್ನು ಓದಿದ. ಗಣಿತದಲ್ಲಿ ಅಂಕ ಇಳಿದಿವೆ. ಕಾಯಿಲೆಗೆ ಮೊದಲೇ ಹನ್ನೊಂದು ದಿನ ಗೈರುಹಾಜರು. ಕೇಳಿದರೆ ಉತ್ತರ ಹೇಳುವುದಿಲ್ಲ. ಅಕ್ಷರ ಚೆನ್ನಾಗಿಲ್ಲ. ಬೇಗ ಅಳುತ್ತಾಳೆ. ಬಾಗಿಲ ಕಡೆಯ ಬೆಂಚು ಬಿಟ್ಟು ಮುಂದೆ ಬರುವುದಿಲ್ಲ. ಹಾಳೆಯ ಒಂದು ಮಗ್ಗುಲು ತುಂಬಿಹೋಗಿತ್ತು.

“ಮುಗೀತೇನು?” ಎಂದರು ಗುರುಗಳು.

“ಮುಗೀತ್ರಿ.”

“ಮಡಚಿ ಇಟಗೋ. ಒಂದು ಕತಿ ಹೇಳತೀನಿ.”

ಗುರುಗಳು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನ ಮನೆಯಲ್ಲಿ ಹನ್ನೊಂದು ಮಗ್ಗ. ಹನ್ನೊಂದು ಮಕ್ಕಳು ಅವನ ಬಳಿ ನೇಯ್ಗೆ ಕಲಿಯುತ್ತಿದ್ದರು. ಸಂಜೆಯಾದರೆ ಅವನು ಮಗ್ಗದಿಂದ ಮಗ್ಗಕ್ಕೆ ನಡೆದು, ಅಂದು ನೇಯ್ದಷ್ಟು ಬಟ್ಟೆಯನ್ನು ನೋಡುತ್ತಿದ್ದ. ತಪ್ಪು ಕಂಡಲ್ಲಿ ಬಟ್ಟೆಗೆ ಒಂದು ಕೆಂಪು ದಾರ ಪೋಣಿಸಿ ಕಟ್ಟುತ್ತಿದ್ದ. ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಅವನ ಗುರುವೂ ಅವನಿಗೆ ಹಾಗೆಯೇ ಕಲಿಸಿದ್ದ. ಚೆನ್ನಾಗಿ ನೇಯ್ದವರಿಗೆ ಏನು ಹೇಳುತ್ತೀ ಎಂದು ಯಾರೋ ಕೇಳಿದಾಗ, ದಾರ ಕಟ್ಟಿಲ್ಲವೆಂದರೆ ಚೆನ್ನಾಗಿದೆ ಎಂದೇ ಅರ್ಥ, ಅದನ್ನು ಬಾಯಿಬಿಟ್ಟು ಬೇರೆ ಹೇಳಬೇಕೇ ಎಂದಿದ್ದ. ಮಾತು ಖರ್ಚಾಗಿಹೋದೀತು ಎಂಬ ಹೆದರಿಕೆ ಕೆಲವರಿಗೆ ಇರುತ್ತದೆ. ಇವನೂ ಅಂಥವನು.

ಅವನ ಬಳಿ ಕಲಿಯುವವರಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ಬೆರಳ ತುದಿಗಳಲ್ಲಿ ಯಾವಾಗಲೂ ಬೂದಿ. ಕೈ ತೊಳೆದುಕೊಂಡು ಮಗ್ಗಕ್ಕೆ ಕೂರು ಎಂದು ನೇಕಾರ ಎರಡು ಸಲ ಹೇಳಿದ್ದ. ಬೂದಿ ಯಾಕೆ ಎಂದು ಒಂದು ಸಲವೂ ಕೇಳಿರಲಿಲ್ಲ. ಅವಳ ಬಟ್ಟೆಯಲ್ಲಿ ಅಲ್ಲಲ್ಲಿ ಬೂದುಬಣ್ಣದ ಕಲೆ ಇರುತ್ತಿತ್ತು. ಕಲೆಯೂ ತಪ್ಪೇ ತಾನೇ. ಅವನು ಅಲ್ಲೆಲ್ಲ ದಾರ ಕಟ್ಟಿದ.

ಆ ವರ್ಷ ನೂಲು ಕೆಟ್ಟದ್ದು ಬಂದಿತ್ತು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳು ಗಳಿಗೆಗೊಮ್ಮೆ ಹರಿಯುತ್ತಿದ್ದವು. ಎಲ್ಲರ ಕೆಲಸವೂ ಹಿಂದೆ ಬಿತ್ತು, ಈ ಹುಡುಗಿಯದು ಎಲ್ಲರಿಗಿಂತ ಹಿಂದೆ. ಉಳಿದವರ ಬಟ್ಟೆಗೆ ನಾಲ್ಕೈದು ದಾರವಾದರೆ ಇವಳದಕ್ಕೆ ಹದಿನೈದು ಇಪ್ಪತ್ತು. ಅವಳಿಗೆ ಮನೆಯ ಕಡೆಯೂ ನೆಮ್ಮದಿ ಇರಲಿಲ್ಲ. ಸಾಕಿ ಬೆಳೆಸಿದ ಅಜ್ಜಿ ಹೋಗಿ ಆರು ತಿಂಗಳಾಗಿತ್ತು. ಹುಡುಗಿ ಮೊದಲು ನಗುವುದನ್ನು ಬಿಟ್ಟಳು, ಆಮೇಲೆ ಊಟ ಬಿಟ್ಟಳು. ಒಂದು ಮಧ್ಯಾಹ್ನ, ಎಳೆಗಳ ನಡುವೆ ನೂಲು ಹೊತ್ತು ಓಡುವ ತನ್ನ ಲಾಳಿಯನ್ನು ಪಕ್ಕದ ಮಗ್ಗದವಳಿಗೆ ಕೊಟ್ಟುಬಿಟ್ಟಳು. ಅದು ಅಜ್ಜಿಯ ಲಾಳಿ, ಅಲ್ಲಿಯವರೆಗೆ ಯಾರಿಗೂ ಮುಟ್ಟಲು ಕೊಟ್ಟಿರಲಿಲ್ಲ. ನೇಕಾರ ಅದನ್ನು ನೋಡಿದ. ಹುಡುಗಿಗೆ ವಿದ್ಯೆ ಹತ್ತದಿದ್ದರೂ ಉದಾರಗುಣ ಬಂತಲ್ಲ ಎಂದು ಸಂತೋಷಪಟ್ಟ. ಅವನಿಗಿಂತ ದೊಡ್ಡ ಜಾಣರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ, ಬಿಡು.

ಮಗ್ಗದ ಮನೆಯ ಮೂಲೆಯಲ್ಲಿ ಒಬ್ಬ ಮುದುಕಿ ರಾಟೆಯ ಮುಂದೆ ಕೂತು, ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಲಾಳಿ ಕೈ ಬದಲಾಯಿಸಿದ್ದನ್ನು ಅವಳೂ ನೋಡಿದಳು. ರಾಟೆ ನಿಲ್ಲಿಸಿದಳು. ಹುಡುಗಿಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದಳು.

“ತಂಗಿ, ಸತ್ತರ ಚೊಲೊ ಅಂತ ಅನಸಾಕತ್ತೈತೇನು ನಿನಗ?”

ಹೀಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾದೀತು ಎಂದು ಹೆದರುವವರಿದ್ದಾರೆ. ಮುದುಕಿ ಹೆದರಲಿಲ್ಲ. ಯೋಚನೆ ಇಲ್ಲದಿದ್ದರೆ ಇಲ್ಲ ಎನ್ನುತ್ತಾಳೆ. ಇದ್ದರೆ, ಅದನ್ನು ಹೇಳಿಕೊಳ್ಳಲು ಒಂದು ಜಾಗ ಸಿಕ್ಕಿತು. ಅಷ್ಟೇ ಅವಳ ಲೆಕ್ಕ.

ಹುಡುಗಿ ತಲೆ ಆಡಿಸಿದಳು. “ಹೂಂ, ಆಯೀ. ಭಾಳ ದಿನ ಆತು” ಎಂದಳು. ಆಮೇಲೆ ಅಳು ಬಂತು.

ಮುದುಕಿ ಕೂಗಾಡಲಿಲ್ಲ. ಬುದ್ಧಿ ಹೇಳಲಿಲ್ಲ. ಅಳು ನಿಲ್ಲಿಸು ಎಂದೂ ಹೇಳಲಿಲ್ಲ. “ನನ್ನ ಮುಂದ ಹೇಳಿದ್ಯಲ್ಲಾ, ಚೊಲೊ ಆತು. ಇನ್ನ ಇದನ್ನ ನೀ ಒಬ್ಬಾಕೀನ ಹೊರೂದು ಬ್ಯಾಡ” ಎಂದಳು. ಅಲ್ಲಿಂದ ಎದ್ದವಳು ಹುಡುಗಿಯ ಕೈ ಬಿಡಲಿಲ್ಲ. ಪಕ್ಕದೂರಿನಲ್ಲಿದ್ದ ಹುಡುಗಿಯ ತಾಯಿಗೆ ಹೇಳಿಕಳಿಸಿದಳು. ತಾಯಿ ಬಂದಳು. ಇಬ್ಬರೂ ಸೇರಿ ಹುಡುಗಿಯನ್ನು ವೈದ್ಯನ ಬಳಿಗೆ ಕರೆದೊಯ್ದರು. ವೈದ್ಯ ಮೂರು ದಿನ ಬರೀ ಮಾತಾಡಿಸಿದ, ನಾಲ್ಕನೆಯ ದಿನ ಔಷಧ ಕೊಟ್ಟ, ಮತ್ತೆ ಮತ್ತೆ ಬರಬೇಕು ಎಂದ. ಇಪ್ಪತ್ತು ದಿನವಾಗುವಾಗ ಹುಡುಗಿ ಬೆಳಗಿನವರೆಗೆ ನಿದ್ದೆ ಮಾಡುವಂತಾದಳು. ಅವಳು ನಿದ್ದೆ ಮಾಡಿದ್ದನ್ನು ನೋಡಿ ತಾಯಿಯೂ ನಿದ್ದೆ ಮಾಡಿದಳು.

ತಿಂಗಳಾದ ಮೇಲೆ ಹುಡುಗಿ ಮಗ್ಗಕ್ಕೆ ತಿರುಗಿ ಬಂದಳು. ನೇಕಾರನಿಗೆ ಸಂತೋಷವಾಯಿತು, ಅದಕ್ಕಿಂತ ಹೆಚ್ಚು ಭಯವಾಯಿತು. ಸಂಜೆ ಕೆಂಪು ದಾರ ಹಿಡಿದು ಹೊರಟವನು ಹತ್ತು ಮಗ್ಗದ ಮುಂದೆ ನಿಂತ. ಅವಳ ಮಗ್ಗ ಬಂದಾಗ ತಲೆ ತಗ್ಗಿಸಿಕೊಂಡು ಮುಂದೆ ಹೋದ. ಮಾರನೆಯ ದಿನವೂ ಹಾಗೆಯೇ ಮಾಡಿದ. ತಾನು ಬಹಳ ಕರುಣೆ ತೋರಿಸುತ್ತಿದ್ದೇನೆ ಎಂದುಕೊಂಡ. ನಾಲ್ಕನೆಯ ದಿನ ಹುಡುಗಿಯ ಮುಖ ಮತ್ತೆ ಸಣ್ಣಗಾಯಿತು. ಏನಾಯಿತು ಎಂದು ಮುದುಕಿ ಕೇಳಿದಳು. ಈ ಸಲ ಹುಡುಗಿ ಹೇಳಲು ತಡಮಾಡಲಿಲ್ಲ.

“ಎಲ್ಲಾರ ಬಟ್ಟಿ ನೋಡತಾರ ಆಯೀ. ನಂದು ನೋಡೂದಿಲ್ಲ. ನಾ ಇನ್ನ ಇಲ್ಲಿ ಲೆಕ್ಕಕ್ಕ ಇಲ್ಲ.”

ಮುದುಕಿ ನೇರವಾಗಿ ನೇಕಾರನ ಮುಂದೆ ಹೋಗಿ ನಿಂತಳು. ಅವಳ ಬಟ್ಟೆ ಯಾಕೆ ನೋಡುವುದಿಲ್ಲ ಎಂದು ಕೇಳಿದಳು.

“ಹೆದರಿಕಿ ಬರತೈತಿ ಯವ್ವಾ” ಎಂದ ನೇಕಾರ. “ನಾ ಕಟ್ಟಿದ ದಾರದಿಂದನ ಹಿಂಗಾತೇನೋ ಅಂತ.”

“ಬರೇ ದಾರದಿಂದ ಆಗೂದಿಲ್ಲ ತಮ್ಮಾ. ಅಜ್ಜಿ ಹೋಗಿದ್ದೈತಿ, ಮನ್ಯಾಗಿಂದು ಐತಿ, ಮನಸಿಗೆ ಬಂದ ಬ್ಯಾನಿ ಐತಿ. ಅದು ಬಿಡು. ನೀ ಆಕಿ ಬಟ್ಟೀನ ಒಮ್ಮೆರ ಹೊಳ್ಳಿಸಿ ನೋಡೀಯೇನು?”

ಮಗ್ಗದಿಂದ ಇಳಿಸಿದ ಬಟ್ಟೆಗಳನ್ನು ಒಗೆಯುವ ಕೆಲಸವೂ ಮುದುಕಿಯದೇ. ಹುಡುಗಿ ಕಾಯಿಲೆ ಬೀಳುವ ಮೊದಲು ನೇಯ್ದು ಮುಗಿಸಿದ್ದ ಬಟ್ಟೆಯನ್ನು ಒಗೆದು, ದಾರ ಬಿಚ್ಚದೆ ಹಾಗೆಯೇ ಇಟ್ಟಿದ್ದಳು. ಅದನ್ನು ತಂದು ಅವನ ಮುಂದೆ ಹಾಸಿದಳು. ಅದರಲ್ಲಿ ಹತ್ತೊಂಬತ್ತು ಕೆಂಪು ದಾರಗಳಿದ್ದವು. ನೇಕಾರ ಒಂದೊಂದೇ ನೋಡಿದ. ಏಳು ದಾರದ ಕೆಳಗೆ ತಪ್ಪು ಇತ್ತು, ಖಂಡಿತ ಇತ್ತು. ಹನ್ನೆರಡರ ಕೆಳಗೆ ಏನೂ ಇರಲಿಲ್ಲ. ಕಲೆ ಒಂದೇ ಒಗೆತಕ್ಕೆ ಹೋಗಿತ್ತು. ದಾರ ಮಾತ್ರ ಉಳಿದಿತ್ತು.

ಅವನು ಉಗುರಿನಿಂದ ಆ ಜಾಗ ಸವರಿದ. ಎಳೆ ನುಣ್ಣಗಿತ್ತು. ಬಟ್ಟೆಯನ್ನು ಹೊಳ್ಳಿಸಿ ಹಿಂಭಾಗ ಸವರಿದ. ಅಲ್ಲಿಯೂ ನುಣ್ಣಗಿತ್ತು. ಇಲ್ಲಿ ಬೂದಿ ಯಾಕೆ ಬಂತು ಎಂದು ಮೊದಲ ಬಾರಿಗೆ ಕೇಳಿದ. ಎಳೆ ಹರಿದಲ್ಲೆಲ್ಲ ಹುಡುಗಿ ಬೆರಳಿಗೆ ಬೂದಿ ಹಚ್ಚಿಕೊಂಡು, ಎರಡು ತುದಿಗಳನ್ನೂ ಹೊಸೆದು, ಗಂಟಿಲ್ಲದೆ ಕೂಡಿಸಿದ್ದಾಳೆ, ಅದನ್ನು ಕಲಿಸಿದ್ದು ಅವಳ ಅಜ್ಜಿ ಎಂದು ಮುದುಕಿ ಹೇಳಿದಳು. ನೇಕಾರ ಎದ್ದು ಉಳಿದ ಹತ್ತು ಮಕ್ಕಳ ಬಟ್ಟೆಗಳನ್ನೂ ಹೊಳ್ಳಿಸಿ ನೋಡಿದ. ಹಿಂಭಾಗದಲ್ಲಿ ಸಾಸಿವೆ ಚೆಲ್ಲಿದಂತೆ ಗಂಟುಗಳು. ಅವರೆಲ್ಲ ಗಂಟು ಹಾಕಿ ಅಡಿಗೆ ತಳ್ಳಿದ್ದರು. ನೇಕಾರ ಮೇಲುಭಾಗ ಮಾತ್ರ ನೋಡುವವನು, ಅವನಿಗೆ ಕಂಡಿರಲಿಲ್ಲ. ಹುಡುಗಿ ಎಳೆ ಕೂಡಿಸಿ ಬಟ್ಟೆ ಉಳಿಸಿದ ಜಾಗಗಳನ್ನೇ ಹುಡುಕಿ ಹುಡುಕಿ ದಾರ ಕಟ್ಟಿದ್ದ. ಅವನಿಗೆ ತನ್ನ ಮೇಲೆ ಬೇಸರವಾಯಿತು, ಆಗಬೇಕಾದದ್ದೇ.

ಮಾರನೆಯ ಬೆಳಿಗ್ಗೆ ಅವನು ಹುಡುಗಿಯ ಮಗ್ಗದ ಪಕ್ಕ ಹೋಗಿ ಕೂತ. ಕ್ಷಮೆ ಕೇಳಬೇಕೆಂದಿದ್ದ. ಅಷ್ಟರಲ್ಲಿ ಒಂದು ಎಳೆ ಹರಿಯಿತು. ಕೂಡಿಸು, ನೋಡುತ್ತೇನೆ ಎಂದ. ಅವಳು ಕೂಡಿಸಿದಳು. ನಲವತ್ತು ವರ್ಷ ನೇಯ್ದ ಕೈಯಿಂದ ಅವನೂ ಹೊಸೆದ, ತುದಿಗಳು ಜಾರಿಹೋದವು. ಬೂದಿ ಇನ್ನೂ ಸ್ವಲ್ಪ ಎಂದಳು ಹುಡುಗಿ. ಅವನು ಮತ್ತೆ ಹೊಸೆದ, ಮತ್ತೆ ಜಾರಿತು. ಮೂರನೆಯ ಸಲಕ್ಕೆ ಅವನ ಮೂಗಿಗೂ ಬೂದಿ ಹತ್ತಿತ್ತು. ಹುಡುಗಿ ನಕ್ಕಳು. ಮೂಲೆಯಲ್ಲಿ ರಾಟೆ ಸುತ್ತುತ್ತಿದ್ದ ಮುದುಕಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಉಳಿದ ಹತ್ತು ಮಕ್ಕಳೂ ಆ ಮಗ್ಗದ ಸುತ್ತ ನಿಂತಿದ್ದರು, ಎಲ್ಲರ ಬೆರಳಲ್ಲೂ ಬೂದಿ.

ಹೊಗಳಿಕೆಯಿಂದ ಹುಡುಗಿ ಬದುಕಿದಳು ಎಂದು ತಿಳಿಯಬೇಡ. ಅವಳನ್ನು ಉಳಿಸಿದ್ದು ಬಾಯಿಬಿಟ್ಟು ಕೇಳಿದ ಮುದುಕಿ, ಕೂಡಲೇ ಬಂದ ತಾಯಿ, ಬಿಡದೆ ನೋಡಿಕೊಂಡ ವೈದ್ಯ. ಉಳಿದು ಬಂದವಳಿಗೆ ಕೂರಲು ಒಂದು ಜಾಗ ಬೇಕಿತ್ತು. ನೇಕಾರ ಕೊಟ್ಟದ್ದು ಅದನ್ನು.

ಆ ಸಂಜೆ ಅವನು ಹನ್ನೊಂದು ಮಗ್ಗದ ಮುಂದೆಯೂ ನಿಂತ. ಅವಳ ಬಟ್ಟೆಯನ್ನು ಮೇಲೆ ನೋಡಿದ, ಅಡಿಯಲ್ಲಿ ನೋಡಿದ. ಚೆನ್ನಾಗಿರುವುದನ್ನು ಬೆರಳಿಟ್ಟು ತೋರಿಸಿ ಹೇಳಿದ. ಆಮೇಲೆ ಎರಡು ಕಡೆ ಕೆಂಪು ದಾರ ಕಟ್ಟಿದ. ಹುಡುಗಿ ಬಗ್ಗಿ ನೋಡಿ, “ಇವೆರಡೂ ಖರೇ ಅದಾವ್ರಿ, ನಾಳಿಗೆ ತಿದ್ದತೀನಿ” ಎಂದಳು. ಎದ್ದು ಪಕ್ಕದ ಮಗ್ಗಕ್ಕೆ ಹೋಗಿ, ತಾನು ಕೊಟ್ಟಿದ್ದ ಲಾಳಿಯನ್ನು ತಿರುಗಿ ಕೇಳಿದಳು. ಕೊಟ್ಟದ್ದನ್ನು ತಿರುಗಿ ಕೇಳಿದರೆ ಮುಖ ಸಿಂಡರಿಸುವವರೇ ಹೆಚ್ಚು. ಅಂದು ಆ ಮಗ್ಗದ ಮನೆಯಲ್ಲಿ ಒಬ್ಬರೂ ಸಿಂಡರಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಸಂಗಯ್ಯ ಉಸಿರು ಬಿಟ್ಟ. ಮೂರು ವಾರದಿಂದ ಎದೆಯಲ್ಲಿ ಹಿಡಿದುಕೊಂಡಿದ್ದ ಉಸಿರು ಅದು. ಅವನ ಮುಖದಲ್ಲಿ ನಗು ಕಾಣಿಸಿತು.

“ತಿಳೀತ್ರಿ ಅಜ್ಜಾರ. ಬ್ಯಾಸರಾದರ ಹೇಳವಾ, ಕೇಳಾಕ ನಾವ ಅದೀವಿ ಅಂತ ಮೊದಲ ಹೇಳತೀನಿ. ಆಮ್ಯಾಲೆ ಆಕಿ ಏನು ಚೊಲೊ ಮಾಡತಾಳ, ಅದನ್ನ ಹೇಳತೀನಿ.”

ಮಡಚಿದ ಹಾಳೆಯನ್ನು ಬಿಚ್ಚಿದ. ಹೊಳ್ಳಿಸಿ ಖಾಲಿ ಮಗ್ಗುಲನ್ನು ಮೇಲೆ ಮಾಡಿದ. ಕಿಸೆಯಿಂದ ಪೆನ್ನು ತೆಗೆದ. ಅದು ನೋಟ್‌ಬುಕ್ ತಿದ್ದುವ ಕೆಂಪು ಪೆನ್ನು, ವರ್ಷವಿಡೀ ದಾನೇಶ್ವರಿಯ ಪ್ರತಿ ಪುಟದ ಮೇಲೂ ಓಡಾಡಿದ್ದು. ಮೇಲೆ ಅವಳ ಹೆಸರು ಬರೆದ. ಮುಂದೆ ಏನು ಬರೆಯಬೇಕೆಂದು ಯೋಚಿಸಿದ. ಪೆನ್ನು ಮುಂದಕ್ಕೆ ಸರಿಯಲಿಲ್ಲ.

ಗುರುಗಳು ಬೇಸರಿಸಲಿಲ್ಲ. ಅವನ ಬೆನ್ನ ಮೇಲೆ ಕೈಯಿಟ್ಟು ಹೇಳಿದರು.

“ನೋಟ್‌ಬುಕ್ಕಿನ ಕಡೀ ಹಾಳಿ ಓದಿ ಓಡಿ ಬಂದ ಗೆಳತಿ ಅದಾಳಲ್ಲ, ದಾನೇಶ್ವರಿ ಏನು ಚೊಲೊ ಮಾಡತಾಳಂತ ಸೋಮವಾರದೊಳಗ ಆಕಿನ್ನ ಕೇಳು ಸಂಗಯ್ಯಾ, ನೀ ಬರೇ ತಪ್ಪು ಹುಡುಕಿ ತಿದ್ದಿದ ಹಾಳಿಗೋಳನ್ನೂ ಪೂರಾ ಓದಿದಾಕಿ ಆಕಿ ಒಬ್ಬಾಕೀನ.”