ಬಿಟ್ಟು ಬಂದ ಬೆಲ್ಲ

"ಗುರುಗಳೇ, ಯಾರ ಹಂಗೂ ಇಲ್ಲದೆ ಬದುಕಬೇಕೆನ್ನುವುದು ತಪ್ಪೇ?" ಎಂದು ಶಿಷ್ಯ ಕೇಳಿದ.

ಕೇಳುವುದಕ್ಕೆ ಕಾರಣವಿತ್ತು. ಮಠದ ಹಿಂದೆ ಅವನು ತನಗೊಂದು ಗುಡಿಸಲು ಕಟ್ಟಿಕೊಳ್ಳುತ್ತಿದ್ದ. ಆ ದಿನ ಬೆಳಿಗ್ಗೆ ಊರಿನ ಒಬ್ಬ ರೈತ ಅದರ ಸೂರಿಗೆಂದು ಒಂದು ಹೊರೆ ಹುಲ್ಲು ತಂದಿದ್ದ. ಶಿಷ್ಯ ಕೈಮುಗಿದು, ಬೇಡವೆಂದು ಹೇಳಿ, ಹೊರೆಯನ್ನು ಹಾಗೆಯೇ ತಿರುಗಿ ಕಳಿಸಿದ್ದ. ರೈತ ಅದನ್ನು ಮತ್ತೆ ತಲೆಗೇರಿಸಿಕೊಂಡು ಹೋದದ್ದನ್ನು ಗುರುಗಳು ಜಗಲಿಯಿಂದ ನೋಡಿದ್ದರು.

"ಹಂಗಿನ ಅರಮನೆಗಿಂತ ಗುಡಿಸಲೇ ಲೇಸು ಎಂದು ಹಿರಿಯರೇ ಹೇಳಿದ್ದಾರಲ್ಲ," ಎಂದು ಶಿಷ್ಯ ಮತ್ತೆ ಹೇಳಿದ.

ಗುರುಗಳು ನಕ್ಕರು. "ಕೂತುಕೋ. ಒಬ್ಬ ಕುರಿಗಾಹಿಯ ಕತೆ ಹೇಳುತ್ತೇನೆ," ಎಂದರು.

ಒಬ್ಬ ಕುರಿಗಾಹಿ ಇದ್ದ. ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಬಂಧುಗಳ ಮನೆಯಲ್ಲಿ ಬೆಳೆದವನು. ಅವರು ಅವನ ಹೊಟ್ಟೆಗೆ ಹಾಕಿದ್ದು ನಿಜ. ಆದರೆ ಒಂದು ತುತ್ತು ಅನ್ನದ ಜೊತೆ ಎರಡು ತುತ್ತು ಮಾತನ್ನೂ ಬಡಿಸುತ್ತಿದ್ದರು. ತಿಂದದ್ದು ಮೈಗೆ ಹತ್ತಲಿಲ್ಲ, ಅಂದದ್ದು ಮನಸ್ಸಿಗೆ ಹತ್ತಿತು. ಇನ್ನು ಯಾರ ಕೈಯಿಂದಲೂ ಏನನ್ನೂ ತೆಗೆದುಕೊಳ್ಳಬಾರದೆಂದು ಅವನು ಆಗಲೇ ನಿಶ್ಚಯಿಸಿದ. ದೊಡ್ಡವನಾದ, ಮದುವೆಯಾದ, ಹೆಂಡತಿಯನ್ನು ಕರೆದುಕೊಂಡು ಕುರಿಗಳ ಹಿಂದೆ ಊರೂರು ತಿರುಗಿದ. ಅವರ ಮೊದಲ ಕೂಸು ಬಯಲಿನ ಚಳಿಗೆ ಉಳಿಯಲಿಲ್ಲ. ಮತ್ತೆ ಬಸುರಿಯಾದಾಗ ಹೆಂಡತಿ ಕೇಳಿದ್ದು ಒಂದೇ ಮಾತು. ಈ ಕೂಸಾದರೂ ಸೂರಿನ ಕೆಳಗೆ ಹುಟ್ಟಲಿ ಎಂದಳು.

ಕುರಿಗಾಹಿ ಕುರಿಗಳನ್ನು ಮಾರಿ ಒಂದು ಊರಿನ ಅಂಚಿನಲ್ಲಿ ತುಂಡು ನೆಲ ಕೊಂಡ. ಕಂಬಳಿಯ ಗುಡಾರ ಹೂಡಿ ಅದರ ಪಕ್ಕದಲ್ಲಿ ಮನೆ ಕಟ್ಟುವ ಕೆಲಸ ಹಿಡಿದ.

ಅದು ಮಣ್ಣಿನ ಮಾಳಿಗೆ ಮನೆಗಳ ಊರು. ಅಲ್ಲಿ ಗೋಡೆ ಏರಿಸುವುದು ಮನೆಯವನ ಕೆಲಸ, ತೊಲೆ ಏರಿಸುವುದು ಊರಿನ ಕೆಲಸ. ಸೂರಿನ ಭಾರವನ್ನೆಲ್ಲ ಹೊರುವ ನಡುತೊಲೆ ನಾಲ್ಕಾಳಿಗೆ ಅಲುಗುವಂಥದ್ದಲ್ಲ. ಅದಕ್ಕೇ ಒಂದು ಪದ್ಧತಿ ಇತ್ತು. ಮನೆಯ ಯಜಮಾನ ಗೋಡೆಯ ಬಳಿ ನಿಂತು "ಕೈ ಹಚ್ಚ್ರಪ್ಪೋ" ಎಂದು ಕೂಗಬೇಕು. ಕೇಳಿಸಿಕೊಂಡವರು ಹಿಡಿದ ಕೆಲಸ ಬಿಟ್ಟು ಬರಬೇಕು. ತೊಲೆ ಕೂತ ಮೇಲೆ ಮನೆಯಾಕೆ ಬೆಲ್ಲ ಒಡೆದು ಎಲ್ಲರಿಗೂ ಒಂದೊಂದು ಚೂರು ಕೊಡಬೇಕು. ಬಂದವರು ಅದನ್ನು ಅಲ್ಲೇ ನಿಂತು ತಿನ್ನಬೇಕು. ಕೂಲಿ ಎಂದರೂ ಅದೇ, ಹಬ್ಬ ಎಂದರೂ ಅದೇ.

ಆ ವರ್ಷ ಊರಿನಲ್ಲಿ ಹಲವರು ಮನೆ ಕಟ್ಟಿದರು. ಕೂಗು ಕೇಳಿದಾಗಲೆಲ್ಲ ಕುರಿಗಾಹಿ ಓಡಿ ಹೋದ. ಎಲ್ಲರಿಗಿಂತ ಮೊದಲು ಹೆಗಲು ಕೊಟ್ಟ. ಆದರೆ ಬೆಲ್ಲದ ತಟ್ಟೆ ಹೊರಗೆ ಬರುವ ಹೊತ್ತಿಗೆ ಅವನು ಅಲ್ಲಿರುತ್ತಿರಲಿಲ್ಲ. ಕೊಟ್ಟರೆ ಪುಣ್ಯ, ತೆಗೆದುಕೊಂಡರೆ ಹಂಗು ಎಂದು ಅವನ ಎಣಿಕೆ. ತಾನು ಬಲು ಮರ್ಯಾದೆಯಿಂದ ನಡೆದುಕೊಂಡೆನೆಂದೇ ನಂಬಿದ್ದ, ಪಾಪ.

ಅವನ ಗೋಡೆಗಳೂ ಎದ್ದವು. ಬೇವಿನ ತೊಲೆ ಬಂದು ಗೋಡೆಯ ಬುಡದಲ್ಲಿ ಬಿತ್ತು. ಹೆಂಡತಿಗೆ ದಿನ ತುಂಬುತ್ತಿತ್ತು. ಆದರೂ ಕುರಿಗಾಹಿ ಕೂಗಲಿಲ್ಲ. ಹಗ್ಗ ಬಿಗಿದ, ಮೀಟುಗೋಲು ಹಾಕಿದ, ಕಲ್ಲು ಕೊಟ್ಟು ಕೊಟ್ಟು ಒಂದು ತುದಿಯನ್ನು ಹೇಗೋ ಗೋಡೆಗೆ ಏರಿಸಿದ. ಇನ್ನೊಂದು ತುದಿಗೆ ಕೈ ಹಾಕಿದರೆ ಏರಿದ್ದೂ ಜಾರಿ ಕೆಳಗೆ ಬಂತು. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು, ನೋಡಿ ಮುಂದೆ ಹೋಗುತ್ತಿದ್ದರು. ಇವರ ತೊಲೆಗಳಿಗೆಲ್ಲ ನನ್ನ ಹೆಗಲು ಬೇಕಾಗಿತ್ತು, ನನ್ನ ತೊಲೆಗೆ ಇವರ ಕಣ್ಣು ಮಾತ್ರವೇ ಎಂದು ಅವನು ನೊಂದುಕೊಂಡ. ಕೂಗದವನ ಮನೆಗೆ ಯಾವ ಮುಖ ಹೊತ್ತು ಹೋಗುವುದೆಂದು ಅವರೂ ನೊಂದುಕೊಂಡರು. ಅಷ್ಟರಲ್ಲಿ ಆಕಾಶದಲ್ಲಿ ಮೋಡ ಕಟ್ಟತೊಡಗಿತು. ಸೂರಿಲ್ಲದ ಮಣ್ಣಿನ ಗೋಡೆಗೆ ಒಂದು ದೊಡ್ಡ ಮಳೆ ಸಾಕು, ಕರಗಿ ಮತ್ತೆ ನೆಲವಾಗುತ್ತದೆ.

ಹೆಂಡತಿ ನೀರಿಗೆ ಹೋದಾಗ ಬಾವಿಯ ಬಳಿ ಒಬ್ಬ ಮುದುಕಿ ಅವಳನ್ನು ತಡೆದು ಕೇಳಿದಳು.

"ನಿನ್ನ ಗಂಡಗ ನಮ್ಮೂರ ಬೆಲ್ಲ ಕಹಿ ಆತೇನವ್ವಾ?"

"ಯಾವ ಬೆಲ್ಲ, ಆಯಿ?"

ಮುದುಕಿ ಎಲ್ಲವನ್ನೂ ಹೇಳಿದಳು. ಹೆಗಲು ಕೊಟ್ಟವನು ಯಾರ ಮನೆಯ ಬೆಲ್ಲವನ್ನೂ ಮುಟ್ಟಲಿಲ್ಲ. ನಮ್ಮ ಮನೆಯದು ತಿನ್ನಬಾರದಷ್ಟು ನಾವು ಕೀಳಾದೆವೇ ಎಂದು ಊರಿಗೆ ಊರೇ ಮನಸ್ಸು ಮುರಿದುಕೊಂಡಿತ್ತು.

ಹೆಂಡತಿ ಗಂಡನನ್ನು ಬಲ್ಲವಳು. ಅವನಿಗೆ ಹೇಳಿದರೆ ನೂರು ಸಮಾಧಾನ ಹೇಳುತ್ತಾನೆ, ಆದರೆ ಕೂಗುವುದಿಲ್ಲ. ಅವಳು ಕೊಡವನ್ನು ಬಾವಿಕಟ್ಟೆಯ ಮೇಲೆಯೇ ಇಟ್ಟಳು. ಒಂದು ಕೈ ಸೊಂಟಕ್ಕೆ ಕೊಟ್ಟುಕೊಂಡು, ಅವನು ತೊಲೆ ಎತ್ತಿದ ಮನೆಗಳಿಗೆಲ್ಲ ಒಂದೊಂದಾಗಿ ಹೋದಳು. ನಮ್ಮ ಮನೆಗೆ ಬನ್ನಿ ಎನ್ನಲಿಲ್ಲ, ತೊಲೆಯ ಮಾತೇ ಎತ್ತಲಿಲ್ಲ. ಬಾಗಿಲಲ್ಲಿ ನಿಂತು ಸೆರಗೊಡ್ಡಿದಳು.

"ನಮ್ಮ ಮನಿಯವ್ರು ಅವತ್ತ ನಿಮ್ಮ ಮನ್ಯಾಗ ಬೆಲ್ಲ ಬಿಟ್ಟು ಬಂದಾರ. ಅದನ್ನ ಒಯ್ಯಾಕ ಬಂದೀನಿ, ಯವ್ವಾ."

ಕೇಳಿದ ಹೆಂಗಸರಿಗೆ ನಗು ಬಂತು. ನಗುತ್ತಿದ್ದ ಹಾಗೆಯೇ ಕಣ್ಣು ತುಂಬಿತು. ತುಂಬಿದ ಬಸುರಿ ಸೆರಗೊಡ್ಡಿ ಬೆಲ್ಲ ಕೇಳಿದರೆ ಇಲ್ಲವೆನ್ನುವ ಮನೆ ಎಲ್ಲಿದೆ? ಪ್ರತಿ ಮನೆಯಿಂದಲೂ ಒಂದು ಚೂರು ಅವಳ ಸೆರಗಿಗೆ ಬಿತ್ತು. ಕೊಟ್ಟವರು ಬಾಗಿಲು ಮುಂದೆ ಮಾಡಿಕೊಂಡು ಅವಳ ಹಿಂದೆ ಹೊರಟರು.

ಕುರಿಗಾಹಿ ಹಗ್ಗ ಹಿಡಿದು ತೊಲೆಯ ಮುಂದೆ ಕೂತಿದ್ದ. ತಲೆಯೆತ್ತಿದರೆ ಹೆಂಡತಿ, ಅವಳ ಹಿಂದೆ ಊರು. ಅವಳು ಸೆರಗು ಬಿಚ್ಚಿ, ಒಂದು ಚೂರು ಆರಿಸಿ ಅವನ ಮುಂದೆ ಹಿಡಿದಳು. "ತಗೋರಿ, ಇದು ನಿಮ್ದ ಐತಿ," ಎಂದಳು.

ಅವನು ಅದನ್ನು ಬಾಯಿಗೆ ಹಾಕಿಕೊಂಡ. ಅವನ ಜನ್ಮದಲ್ಲಿ ಬೇರೆಯವರ ಮನೆಯಿಂದ ಮಾತಿನ ಮುಳ್ಳಿಲ್ಲದೆ ಬಂದ ಮೊದಲ ತುತ್ತು ಅದು. ಅವನು ಮಕ್ಕಳ ಹಾಗೆ ಅತ್ತ. ಜನ ತೊಲೆಯ ಸುತ್ತ ಬಂದು ನಿಂತರು. ಯಾರೂ ತೊಲೆಯನ್ನು ಮುಟ್ಟಲಿಲ್ಲ. ಕೂಗಬೇಕಾದವನು ಇನ್ನೂ ಕೂಗಿರಲಿಲ್ಲ.

ಆಗ ಕುರಿಗಾಹಿ ಎದ್ದು ಗೋಡೆಯ ಬಳಿ ನಿಂತು ಕೂಗಿದ. ಬಾಯಲ್ಲಿ ಬೆಲ್ಲ, ಗಂಟಲಲ್ಲಿ ಅಳು. ಏನು ಕೂಗಿದನೋ ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಆದರೆ ಎಲ್ಲರೂ ತೊಲೆಗೆ ಕೈ ಹಚ್ಚಿದರು.

ತೊಲೆ ಕೂತಿತು. ಬಂದವರು ಅಷ್ಟಕ್ಕೇ ಹೋಗಲಿಲ್ಲ. ಅದರ ಮೇಲೆ ಅಡ್ಡ ಜಂತೆಗಳನ್ನು ಇಟ್ಟು, ಕಡ್ಡಿ ಹಾಸಿ, ಮಣ್ಣು ಮೆತ್ತಿಯೇ ಇಳಿದರು. ಹಂಚಲು ಮನೆಯಾಕೆಯ ಬಳಿ ಬೇರೆ ಬೆಲ್ಲ ಇರಲಿಲ್ಲ. ಸೆರಗಿನಲ್ಲಿ ಉಳಿದದ್ದನ್ನೇ ಅವಳು ಅವರಿಗೆಲ್ಲ ಹಂಚಿದಳು. ಯಾರ ಮನೆಯ ಚೂರು ಯಾರ ಬಾಯಿಗೆ ಹೋಯಿತೆಂದು ಯಾರೂ ನೋಡಲಿಲ್ಲ. ಮಳೆ ಬಂದಾಗ ಕೂಸು ಸೂರಿನ ಕೆಳಗೆ ಅಳುತ್ತಿತ್ತು, ಮತ್ತು ಅದನ್ನು ಆಡಿಸಲು ಆ ಮುದುಕಿ ಅಲ್ಲೇ ಇದ್ದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, ರೈತ ಹೊರೆ ಹೊತ್ತು ಹೋದ ದಾರಿಯತ್ತ ತಿರುಗಿ ನೋಡಿದ. ಆಮೇಲೆ ಕೇಳಿದ.

"ಹಾಗಾದರೆ ಆ ಗಾದೆ ಸುಳ್ಳೇ, ಗುರುಗಳೇ?"

"ಗಾದೆ ಸುಳ್ಳಲ್ಲ, ಮಗು. ಅದರಲ್ಲಿರುವ ಗುಡಿಸಲಿಗೆ ತೊಲೆ ಎತ್ತಿದವರು ಯಾರೆಂದು ನೀನು ಕೇಳಲಿಲ್ಲ, ಅಷ್ಟೆ."