ಮತ್ತಿಮರದ ಹೊಟ್ಟೆಯೊಳಗಿನ ಹೊಗೆ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಎಲ್ಲಿ ಕೂರಬೇಕೆಂದು ತಿಳಿಯದೆ ಬೆಟ್ಟಗಳು ಜಾಗ ಹುಡುಕುತ್ತಿದ್ದವು. ಆಗ ಕಾಡಿನ ನಡುವಿನ ಒಂದು ಹಾಡಿಯಲ್ಲಿ ಕೇತಜ್ಜಿ ತನ್ನ ಪುಟ್ಟ ಮೊಮ್ಮಗಳು ಚಿಕ್ಕಿಯನ್ನು ಸಾಕಿಕೊಂಡಿದ್ದಳು. ಅಜ್ಜಿಯ ಬಾಯಿ ಜೋರು, ಮನಸ್ಸು ಬೆಣ್ಣೆ.

ಆಗ ಹೊಗೆಗೆ ಮನೆಯೇ ಇರಲಿಲ್ಲ. ಒಲೆಯಿಂದ ಎದ್ದ ಹೊಗೆ ಆಕಾಶದಲ್ಲಿ ಕಂಬಳಿಯಂತೆ ಹರಡಿಕೊಂಡಿತು. ಕಂಬಳಿಯ ಕೆಳಗೆ ಒಂದೇ ಸೆಕೆ. ಮತ್ತಿಮರಕ್ಕೆ ಕಟ್ಟಿದ ಜೋಲಿಯಲ್ಲಿ ಚಿಕ್ಕಿಗೆ ಮೈಯೆಲ್ಲ ಬೆವರುಸಾಲೆ ಎದ್ದು, ಮಗು ಅಳುತ್ತಲೇ ಇತ್ತು.

ಹೊಗೆಯನ್ನು ನುಂಗು ಎಂದು ಅಜ್ಜಿ ಹೊಳೆಯನ್ನು ಕೇಳಿದಳು. ಮೀನುಗಳು ಬೈಯುತ್ತವೆ ಎಂದು ಹೊಳೆ ಜಾರಿಕೊಂಡಿತು. ಗಾಳಿಯನ್ನು ಕೇಳಿದಳು. ಈ ಮನೆಯದನ್ನು ಆ ಮನೆಗೆ ಮುಟ್ಟಿಸುವುದಷ್ಟೇ ತನ್ನ ಕೆಲಸ ಎಂದು ಗಾಳಿ ಕೈತೊಳೆದುಕೊಂಡಿತು. ಕೊನೆಗೆ ಮತ್ತಿಮರವೇ ಮಾತಾಡಿತು. ತನ್ನ ಎಲೆ ಎಲೆಗೂ ಪುಟ್ಟ ಪುಟ್ಟ ಬಾಯಿಗಳಿವೆ, ಹೊಗೆಯನ್ನು ನುಂಗಿ ಹೊಟ್ಟೆಯಲ್ಲಿ ಬಚ್ಚಿಟ್ಟುಕೊಳ್ಳುತ್ತೇನೆ ಎಂದಿತು.

ಮತ್ತಿ ನುಂಗಿತು, ದಪ್ಪವಾಯಿತು. ಅದನ್ನು ನೋಡಿ ಹೊನ್ನೆಮರ ನುಂಗಿತು, ಬೀಟೆಮರ ನುಂಗಿತು. ಆಕಾಶ ತಿಳಿಯಾಯಿತು. ಚಿಕ್ಕಿ ನಕ್ಕಳು.

ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಅಡುಗೆಯಾದ ಮೇಲೆ ಕೆಂಡಕ್ಕೆ ಬೂದಿ ಮುಚ್ಚುವುದು ಹಾಡಿಯ ವಾಡಿಕೆ. ಹೇಗೂ ನುಂಗಲು ಮರಗಳಿವೆಯಲ್ಲ ಎಂದು ಜನ ಆ ಗೋಜಿಗೇ ಹೋಗಲಿಲ್ಲ. ಸುಳ್ಳು ಯಾಕೆ ಹೇಳಲಿ, ಅಜ್ಜಿಯೂ ಹೋಗಲಿಲ್ಲ. ಬೇಯಿಸಲು ಏನೂ ಇಲ್ಲದಿದ್ದರೂ ಒಲೆಗಳು ದಿನವಿಡೀ ಉರಿದವು.

ಮತ್ತೆ ಸೆಕೆ ಬಂತು. ಮಳೆಗೆ ದಾರಿ ತಪ್ಪಿತು. ಮತ್ತಿಯ ಎಲೆಗಳು ಜೋತುಬಿದ್ದವು, ಚಿಕ್ಕಿಯ ಅಳು ಮತ್ತೆ ಶುರುವಾಯಿತು. ತಿಂದು ತಿಂದು ಸೋಮಾರಿಯಾದೆಯಾ ಎಂದು ಅಜ್ಜಿ ಮರವನ್ನು ಗದರಿದಳು.

“ಸೋಮಾರಿಯಲ್ಲ ಅಜ್ಜಿ,” ಎಂದಿತು ಮತ್ತಿ. “ಈ ಸೆಕೆಯಲ್ಲಿ ಬಾಯಿ ತೆರೆದರೆ ಒಡಲ ನೀರೆಲ್ಲ ಆರಿಹೋಗುತ್ತೆ. ಮುಚ್ಚಿದರೆ ಹೊಗೆ ನುಂಗೋಕಾಗಲ್ಲ. ನಾನು ಒಣಗಿ ಬಿದ್ದರೆ ಇಷ್ಟು ದಿನ ಬಚ್ಚಿಟ್ಟಿದ್ದೂ ಆಚೆ ಬಂದುಬಿಡುತ್ತೆ. ನೀನೇ ಹೇಳು, ಏನು ಮಾಡಲಿ?”

ಅಷ್ಟರಲ್ಲಿ ಇಳಿಜಾರಿನ ಮುದಿ ಬೀಟೆ ಒಣಗಿ ಉರುಳಿತು. ಅದರ ಹೊಟ್ಟೆಯಿಂದ ಹಳೆಯ ಹೊಗೆ ಮೆಲ್ಲಗೆ ಮೇಲೆದ್ದಿತು. ಅಜ್ಜಿ ಮತ್ತಿಯನ್ನು ತಬ್ಬಿಕೊಂಡು ಅತ್ತಳು.

“ನೀನೂ ನನ್ನ ಮೊಮ್ಮಗುವೇ ಕಣೋ. ಹೊಟ್ಟೆ ತುಂಬಿತಾ ಅಂತ ಒಂದು ಮಾತೂ ಕೇಳದೆ ಬಡಿಸ್ತಾನೇ ಇದ್ದೆ.”

ಮನೆಗೆ ಹೋಗಿ ಕೆಂಡಕ್ಕೆ ಬೂದಿ ಮುಚ್ಚಿದಳು. ಆಮೇಲೆ ಮನೆ ಮನೆಗೂ ಹೋಗಿ, ಎಲ್ಲರೂ ಮುಚ್ಚುವ ತನಕ ಬಾಯಿ ಮಾಡಿದಳು. ಬಹಳ ದಿನ ಹಿಡಿಯಿತು. ಒಂದು ಬೆಳಗ್ಗೆ ತಂಪು ಗಾಳಿ ಬೀಸಿತು, ಮತ್ತಿ ತನ್ನ ಬಾಯಿಗಳನ್ನು ಒಂದೊಂದಾಗಿ ತೆರೆಯಿತು. ಜೋಲಿಯಲ್ಲಿ ಚಿಕ್ಕಿಗೆ ನಿದ್ದೆ ಹತ್ತಿತು.

ಸೌದೆ ಸುಟ್ಟಾಗ ಉಳಿಯುವ ಇದ್ದಿಲು ಕಪ್ಪಗಿರುವುದು ಅದಕ್ಕೇ, ಮಗು, ಅದು ಮರ ನಮಗಾಗಿ ಬಚ್ಚಿಟ್ಟಿದ್ದ ಹೊಗೆ. ಇವತ್ತಿಗೂ ಕಡುಬಿಸಿಲಿನ ಮಧ್ಯಾಹ್ನ ಕಾಡಿನ ಎಲೆಗಳು ಬಾಯಿ ಮುಚ್ಚಿಕೊಂಡು ಜೋತುಬಿದ್ದಿದ್ದರೆ, ಯಾರದೋ ಮನೆಯಲ್ಲಿ ಕೆಂಡಕ್ಕೆ ಇನ್ನೂ ಬೂದಿ ಮುಚ್ಚಿಲ್ಲವೆಂದು ತಿಳಿ.